ಸಂಬಳ ಮತ್ತು ಹೆಸರು

ದೊಡ್ಡ ಕಂಪನಿಯ ಹೆಡ್ಡಾಫೀಸಿನ ಕೆಲಸ ನಮಗೆ ಒಳ್ಳೇದೋ ಕೆಟ್ಟದ್ದೋ?

ಅಜ್ಜ ಗೌಡರ ಮನೇಲಿ ಜೀತಕ್ಕಿದ್ದ ಕುಟುಂಬಕ್ಕೆ ತಿಂಗಳು ತಿಂಗಳು ಸಂಬಳ ಬರೋದು ಸಣ್ಣ ಮಾತಲ್ಲ. ಸಾಲ ತೀರುತ್ತೆ. ತಂಗಿ ಕಾಲೇಜು ಮೆಟ್ಟಿಲು ಹತ್ತುತ್ತಾಳೆ. ಯಾರ ಅಂಗಳದಲ್ಲೂ ಕೈಕಟ್ಟಿ ನಿಲ್ಲಬೇಕಾಗಿಲ್ಲ. ಇದನ್ನು ಹಂಗಿಸುವವರು ಹಸಿವು ಕಾಣದವರು.

ಆದರೆ ಸಂವಿಧಾನದ 16(4)ನೇ ವಿಧಿ ಸರ್ಕಾರಿ ಹುದ್ದೆಗಳಿಗೆ ಮಾತ್ರ. ಖಾಸಗಿ ಕಂಪನಿಯ ಗೇಟಿನಾಚೆಯೇ ಅದು ನಿಂತುಬಿಡುತ್ತೆ. ಒಳಗೆ ಮೆರಿಟ್ಟೇ ದೇವರು. ಆ ದೇವರಿಗೂ ಜಾತಿ ಕಾಣುತ್ತೆ. ಸುಖದೇವ್ ಥೋರಟ್ ಮತ್ತು ಪಾಲ್ ಆಟ್ವೆಲ್ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ವಿದ್ಯೆ ಅನುಭವ ಸಮನಾಗಿದ್ದರೂ ದಲಿತ ಹೆಸರಿನ ಅರ್ಜಿಗಳಿಗೆ ಮೇಲ್ಜಾತಿ ಹೆಸರಿನವಕ್ಕಿಂತ ಕಡಿಮೆ ಕರೆ ಬಂದವು.

ಅದಕ್ಕೇ ಒಳಗೆ ಹೋದ ನಮ್ಮ ಹುಡುಗ ಕೇರಿಯ ಹೆಸರು ನುಂಗಿಕೊಂಡು ಕೂರ್ತಾನೆ. ಅದೇ ಕಟ್ಟಡದ ಕಕ್ಕಸು ತೊಳೆಯುವ ಗುತ್ತಿಗೆಯ ಅಕ್ಕನನ್ನು ಮಾತಾಡಿಸೋಕೂ ಹೆದರ್ತಾನೆ, ತನ್ನ ಗುರುತು ಬಯಲಾದೀತು ಅಂತ. ಕಂಪನಿ ಕೊಂಡದ್ದು ದುಡಿಮೆ. ಮೌನವನ್ನು ಪುಕ್ಕಟೆ ಪಡೆಯಿತು.

'ಧೈರ್ಯವಾಗಿ ಹೇಳು' ಅನ್ನೋದು ಸುಲಭ. ಕೆಲಸ ಹೋದರೆ ಆರೋದು ಅವನ ಮನೆಯ ಒಲೆ. ಹಾಗಾಗಿ ಇದು ಒಬ್ಬನ ಧೈರ್ಯಕ್ಕೆ ಬಿಡುವ ಮಾತಲ್ಲ. ಕೆಲಸಕ್ಕೆ ಹೋಗೋಣ, ಜೊತೆಗೇ ಖಾಸಗಿ ರಂಗದಲ್ಲೂ ಮೀಸಲಾತಿ ಕೇಳೋಣ. ಅದು ಕನಿಕರವಲ್ಲ, ಅಂಜದೆ ನಮ್ಮ ಹೆಸರು ಹೇಳುವ ಹಕ್ಕು.