ಹಳದಿ ಭಾಗ ಅಜ್ಜಿಗೆ

ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳುವವರಿಗೆ ನಗುವಿಗೇನೂ ಬರವಿಲ್ಲ. "ನಿನ್ನ ಹತ್ತಿರ ಐದು ಮಾವಿನಹಣ್ಣಿವೆ, ತಮ್ಮನಿಗೆ ಎರಡು ಕೊಟ್ಟರೆ ಉಳಿಯುವುದೆಷ್ಟು?" ಎಂದು ಕೇಳಿ ನೋಡಿ. "ಒಂದೂ ಉಳಿಯಲ್ಲ ಟೀಚರ್, ಅವನು ಅತ್ತು ಎಲ್ಲಾ ಕಿತ್ಕೋತಾನೆ" ಎನ್ನುತ್ತದೆ ಎರಡನೆಯ ತರಗತಿಯ ಮಗು. ಲೆಕ್ಕ ತಪ್ಪು, ಮನೆಯ ಸಂಗತಿ ಮಾತ್ರ ನಿಜ!

ಎಲ್ಲವೂ ಹೀಗೆ ನಕ್ಕು ಮರೆಯುವಂಥದ್ದಲ್ಲ. ಸರ್ಕಾರಿ ಶಾಲೆಯ ಶಿಕ್ಷಕಿಯೊಬ್ಬರು ಹೇಳಿದ್ದು ಇದು. ಒಬ್ಬ ಪುಟ್ಟ ಹುಡುಗಿಯ ಲೆಕ್ಕದ ಪುಸ್ತಕ ದಿನವೂ ಹಳದಿ ಕಲೆಯಾಗಿ ಬರುತ್ತಿತ್ತು. ಪುಸ್ತಕ ಹೊಲಸು ಮಾಡಿದ್ದಕ್ಕೆ ಎರಡು ಸಲ ಬೈಗುಳವೂ ಆಯಿತು. ಕೊನೆಗೆ ಚೀಲ ತೆರೆಸಿದರೆ, ಕಾಗದದಲ್ಲಿ ಸುತ್ತಿಟ್ಟ ಮೊಟ್ಟೆಯ ಹಳದಿ! "ಬಿಳಿ ನಾನು ತಿಂದೆ ಟೀಚರ್. ಹಳದಿ ಮೆತ್ತಗಿರುತ್ತೆ, ಅಜ್ಜಿಗೆ ಹಲ್ಲಿಲ್ಲ." ಇಡೀ ತರಗತಿ ನಕ್ಕಿತು. ಹುಡುಗಿ ಏನೆಂದು ತಿಳಿಯದೆ ತಾನೂ ನಕ್ಕಳು.

ಇದು ತಪ್ಪೇ?

ಸ್ವಿಟ್ಜರ್‌ಲೆಂಡಿನ ಮನಶ್ಶಾಸ್ತ್ರಜ್ಞ ಜೀನ್ ಪಿಯಾಜೆ 1932ರ ತಮ್ಮ ಪುಸ್ತಕದಲ್ಲಿ ಮಕ್ಕಳಿಗೆ ಕೇಳಿದ ಎರಡು ಕಥೆಗಳನ್ನು ಕೊಟ್ಟಿದ್ದಾರೆ. ಒಬ್ಬ ಹುಡುಗ ಬಾಗಿಲು ತಳ್ಳುತ್ತಾನೆ. ಹಿಂದೆ ಇಟ್ಟಿದ್ದ 15 ಬಟ್ಟಲುಗಳು ಅವನಿಗರಿವಿಲ್ಲದೆ ಒಡೆಯುತ್ತವೆ. ಇನ್ನೊಬ್ಬ ತಾಯಿ ಇಲ್ಲದಾಗ ಕದ್ದು ಜಾಮ್ ತೆಗೆಯಲು ಹೋಗಿ ಒಂದೇ ಬಟ್ಟಲು ಒಡೆಯುತ್ತಾನೆ. ಯಾರು ಹೆಚ್ಚು ಕೆಟ್ಟವನು? ಚಿಕ್ಕ ಮಕ್ಕಳು ಹೆಚ್ಚಾಗಿ 15 ಒಡೆದವನತ್ತ ಬೆರಳು ತೋರಿಸಿದರು. ಅವರು ಎಣಿಸಿದ್ದು ಒಡೆದ ಬಟ್ಟಲು, ಮನಸ್ಸಿನ ಉದ್ದೇಶವನ್ನಲ್ಲ. ಬೆಳೆದಂತೆ ಇದು ಬದಲಾಗುತ್ತದೆ ಎನ್ನುತ್ತಾರೆ ಪಿಯಾಜೆ. ಕೆಂಪು ಶಾಯಿಯ ಪೆನ್ನು ಕೈಗೆ ಬಂದರೆ ದೊಡ್ಡವರೂ ಕಲೆಯನ್ನೇ ಎಣಿಸುತ್ತೇವಲ್ಲ, ಅದನ್ನು ಯಾವ ವಯಸ್ಸಿಗೆ ಸೇರಿಸೋಣ?

ಆದರೆ ಉದ್ದೇಶ ಒಳ್ಳೆಯದೆಂದ ಮಾತ್ರಕ್ಕೆ ಪ್ರಶ್ನೆ ಮುಗಿಯುವುದಿಲ್ಲ. ನಮ್ಮ ರಾಜ್ಯದಲ್ಲಿ 2002ರಲ್ಲಿ ಅಕ್ಷರ ದಾಸೋಹದ ಬಿಸಿಯೂಟ ಆರಂಭವಾಯಿತು. ನಂತರ ಮೊಟ್ಟೆ ಸೇರಿತು. 2024ರಲ್ಲಿ ವಾರಕ್ಕೆ ಆರು ದಿನಕ್ಕೆ ಏರಿತು. ಅದು ಬೆಳೆಯುವ ಮಗುವಿನ ಮೈಗೆಂದು ಕೊಟ್ಟದ್ದು. ಮೇಲಾಗಿ, ಮಧ್ಯಾಹ್ನದಿಂದ ಸಂಜೆಯವರೆಗೆ ಸೆಕೆಯಲ್ಲಿ, ಚೀಲದೊಳಗೆ ಕುಳಿತ ಮೊಟ್ಟೆ ಹಳಸಿದರೆ ಅಜ್ಜಿಯ ಹೊಟ್ಟೆಗೇ ತೊಂದರೆ. "ಇಲ್ಲೇ ತಿನ್ನಮ್ಮ" ಎನ್ನುವ ಶಿಕ್ಷಕಿ ಕ್ರೂರಿಯಲ್ಲ. ಆದರೆ ಅದೇ ಮಾತನ್ನು "ಕಳ್ಳಿ" ಎಂಬ ಪದ ಸೇರಿಸಿ ಹೇಳಬಹುದು, ಎಲ್ಲರೆದುರು ನಗೆಯಾಡಿಯೂ ಹೇಳಬಹುದು. ಹಾಗೆ ಹೇಳಿದರೆ ಮಗು ಮೊಟ್ಟೆ ತಿನ್ನಲು ಕಲಿತೀತು. ಮನೆಯವರನ್ನು ನೆನೆಯುವುದು ನಾಚಿಕೆಯ ಕೆಲಸವೆಂದೂ ಅದರ ಜೊತೆಗೇ ಕಲಿತೀತು.

ಶಿಕ್ಷಕಿ ಬೈಯಲಿಲ್ಲ. ಅಜ್ಜಿ ಏನು ಉಣ್ಣುತ್ತಾರೆ, ಮನೆಯಲ್ಲಿ ಯಾರಿದ್ದಾರೆ ಎಂದು ಕೇಳಿ ತಿಳಿದರು. ಕಲೆಯಾದ ಪುಸ್ತಕಕ್ಕೆ ತಾವೇ ಹೊಸ ಹೊದಿಕೆ ಹಾಕಿದರು. ಈಗ ಊಟದ ಹೊತ್ತಿಗೆ ಆಕೆಯ ಪಕ್ಕದಲ್ಲೇ ಕೂರುತ್ತಾರೆ. ಹುಡುಗಿ ಬಿಳಿಯನ್ನು ಗಬಗಬನೆ ತಿನ್ನುತ್ತಾಳಂತೆ. ಹಳದಿಯನ್ನು ಬಾಯಿಗೆ ಹಾಕುವ ಮುನ್ನ ಮಾತ್ರ ಒಮ್ಮೆ ಟೀಚರ ಮುಖ ನೋಡುತ್ತಾಳಂತೆ.