ಉಚ್ಚೆ, ಗೊಬ್ಬರ ಮತ್ತು ಹೊರುವ ತಲೆ

ಮನುಷ್ಯನ ಉಚ್ಚೆ ಒಳ್ಳೆಯ ಗೊಬ್ಬರ. ವಿಜ್ಞಾನ ಹೀಗೆ ಹೇಳಿದರೆ ನಾವು ಮೂಗು ಮುಚ್ಚಿಕೊಳ್ಳುವವರಲ್ಲ. ಹಾಗಂತ ಕೂಡಲೇ ಚಪ್ಪಾಳೆ ತಟ್ಟುವವರೂ ಅಲ್ಲ.

ಮೊದಲು ಲೆಕ್ಕ ನೋಡೋಣ. ಪ್ರಾಯದ ಆಳೊಬ್ಬ ವರ್ಷಕ್ಕೆ ಸುಮಾರು 500 ಲೀಟರ್ ಉಚ್ಚೆ ಹೊಯ್ಯುತ್ತಾನೆ. ಅದರಲ್ಲಿ ಸುಮಾರು 4 ಕಿಲೋ ಸಾರಜನಕ, ಅರ್ಧ ಕಿಲೋಗೆ ಹತ್ತಿರ ರಂಜಕ, ಜೊತೆಗೆ ಪೊಟ್ಯಾಷ್. ಪಟ್ಟಣದ ಚರಂಡಿ ನೀರಿನಲ್ಲಿ ಉಚ್ಚೆಯ ಪಾಲು ನೂರಕ್ಕೆ ಒಂದರಷ್ಟು. ಆ ನೀರಿನ ಸಾರಜನಕದಲ್ಲಿ ಅದರ ಪಾಲು ನೂರಕ್ಕೆ 80ರಷ್ಟು. ಬೇರೆಯಾಗಿ ಹಿಡಿದು, ಮುಚ್ಚಿದ ಡ್ರಮ್ಮಿನಲ್ಲಿ ಆರು ತಿಂಗಳಿಟ್ಟರೆ ಯೂರಿಯಾ ಅಮೋನಿಯಾ ಆಗಿ ರೋಗಾಣು ಸಾಯುತ್ತವೆ. ಮೆಗ್ನೀಷಿಯಂ ಬೆರೆಸಿದರೆ ರಂಜಕ ಬಿಳಿ ಹರಳಾಗಿ ತಳಕ್ಕಿಳಿಯುತ್ತದೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದವರು ಬಾಳೆಗೆ ಹಾಕಿಯೂ ನೋಡಿದ್ದಾರೆ. ಪೊಟ್ಯಾಷನ್ನು ಹಡಗಿನಲ್ಲಿ ತರಿಸುವ ಈ ದೇಶ, ಒಳಗಿರುವುದನ್ನು ಕೆರೆಗೆ ಬಿಟ್ಟು ಅಂತರಗಂಗೆ ಬೆಳೆಸುತ್ತಿದೆ!

ಲೆಕ್ಕ ಸರಿಯೇ. ಆದರೆ ಲೆಕ್ಕ ಬರೆಯುವವರು ಯಾವಾಗಲೂ ಒಂದು ಕಲಂ ಖಾಲಿ ಬಿಡುತ್ತಾರೆ: ಹೊರುವವರು ಯಾರು?

1939ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ.ಎನ್. ಆಚಾರ್ಯ ಎಂಬವರು ಊರ ಕಸವನ್ನೂ ಮಲವನ್ನೂ ಗುಂಡಿಯಲ್ಲಿ ಪದರ ಪದರವಾಗಿ ತುಂಬಿ ಗೊಬ್ಬರ ಮಾಡುವ ಕ್ರಮ ರೂಪಿಸಿದರು. ಕೃಷಿ ಪುಸ್ತಕಗಳಲ್ಲಿ ಇವತ್ತಿಗೂ ಅದರ ಹೆಸರು 'ಬೆಂಗಳೂರು ವಿಧಾನ'. ನಮ್ಮ ಹುಡುಗರೂ ಪರೀಕ್ಷೆಯಲ್ಲಿ ಅದನ್ನು ಬರೆದು ಅಂಕ ತಗೊಳ್ತಾರೆ. ಆ ಮಲ ಕಕ್ಕಸಿನಿಂದ ಗುಂಡಿತನಕ ಯಾರ ತಲೆ ಮೇಲೆ ಬಂತು ಎಂಬ ಪ್ರಶ್ನೆ ಮಾತ್ರ ಪರೀಕ್ಷೆಗೆ ಬರುವುದಿಲ್ಲ. ಗೊಬ್ಬರ ಹೊಲವಿದ್ದವರಿಗೆ ಹೋಯಿತು. ನಾತ ಕೇರಿಗೆ ಉಳಿಯಿತು.

ಆ ತಲೆಹೊರೆಯನ್ನು ಇಳಿಸಲು 1970ರ ದಶಕದಲ್ಲಿ ಬಸವಲಿಂಗಪ್ಪನವರಂಥ ಮಂತ್ರಿ ಬೇಕಾಯಿತು. 1993ರಲ್ಲಿ ಕಾಯಿದೆ, 2013ರಲ್ಲಿ ಇನ್ನೊಂದು ಕಾಯಿದೆ. ನಡುವೆ 2010ರಲ್ಲಿ ಸವಣೂರಿನ ಭಂಗಿ ಸಮುದಾಯದವರು ಮೈಮೇಲೆ ಮಲ ಸುರಿದುಕೊಂಡು ನಿಂತರು. ಚರಂಡಿಯಲ್ಲಿ ಸತ್ತವರ ಮನೆಗೆ 30 ಲಕ್ಷ ಕೊಡಿ ಅಂತ 2023ರಲ್ಲಿ ಸುಪ್ರೀಂ ಕೋರ್ಟು ಹೇಳಬೇಕಾಯಿತು. ಅಂದರೆ ಸಾವು ನಿಂತಿರಲಿಲ್ಲ.

ಈಗ ಪ್ರಶ್ನೆಯ ಬುಡಕ್ಕೆ ಹೋಗೋಣ. ದನದ ಗಂಜಳ ಚಿಮುಕಿಸಿ ಮನೆ ಶುದ್ಧ ಮಾಡುವವರಿಗೆ ಮನುಷ್ಯನ ಉಚ್ಚೆ ಯಾಕೆ ಮೈಲಿಗೆ? ಎರಡರಲ್ಲೂ ಇರುವುದು ಅದೇ ಸಾರಜನಕ. ಸಾರಜನಕಕ್ಕೆ ಮಡಿಯಿಲ್ಲ. ಅಸಹ್ಯ ಹೊಲಸಿನ ಮೇಲೆ ಇದ್ದಿದ್ದರೆ ಸ್ನಾನ ಮಾಡಿದ ಮೇಲೆ ಹೋಗಬೇಕಿತ್ತು. ಹೋಗಲಿಲ್ಲ. ಬಕೆಟ್ಟನ್ನು ಮುಟ್ಟದೇ ಬಿ.ಎ. ಓದಿದ ನಮಗೂ ಬಾಡಿಗೆ ಮನೆ ಸಿಗುವುದಿಲ್ಲ. ಆದ್ದರಿಂದ ಹೊಲಸು ಚಿನ್ನವಾದರೆ ಹೊರುವವನಿಗೂ ಬೆಲೆ ಬಂದೀತು ಅನ್ನುವ ಮಾತನ್ನು ನಾವು ನಂಬುವುದಿಲ್ಲ. ಚರ್ಮದಲ್ಲಿ ಅದನ್ನು ಕಂಡಿದ್ದೇವೆ. ಹದ ಮಾಡುವ ನಾತ ನಮ್ಮದು, ಅಂಗಡಿಯ ಗಾಜು ಬೇರೆಯವರದು.

ಹಾಗಾದರೆ ಬೇಡವೇ ಬೇಡ ಅನ್ನುತ್ತಾರೆ ಕೆಲವು ಗೆಳೆಯರು. ಅವರ ಸಿಟ್ಟು ನಮ್ಮ ಸಿಟ್ಟೇ. ಆದರೆ ಇಪ್ಪತ್ತು ಗುಂಟೆ ದರಖಾಸ್ತು ಜಮೀನಿನವನಿಗೂ ಗೊಬ್ಬರ ಬೇಕು. ಮಣ್ಣಿನ ಜ್ಞಾನವನ್ನು ಬಿಟ್ಟುಕೊಟ್ಟರೆ ಅದೂ ಉಳ್ಳವರ ಪಾಲಾಗುತ್ತದೆ.

ನಾವು ಕೇಳುವುದು ಇಷ್ಟೆ. ಹೊಯ್ದವನ ಡ್ರಮ್ಮನ್ನು ಹೊಯ್ದವನೇ ಎತ್ತಲಿ. ಪಟ್ಟಣದಲ್ಲಿ ಕೊಳವೆ ಮತ್ತು ಯಂತ್ರ ಎತ್ತಲಿ. ಯಂತ್ರ ನಡೆಸುವ ನೌಕರಿ ಕಾಯಂ ಆಗಿರಲಿ, ಅದು ಯಾವ ಜಾತಿಗೂ ಹುಟ್ಟಿನಿಂದ ಬರೆದಿಟ್ಟದ್ದಾಗದಿರಲಿ. ಗೊಬ್ಬರದ ಜೊತೆ ಭೂಮಿಯ ಮಾತೂ ಬರಲಿ. ಹೊಲವೇ ಇಲ್ಲದವನಿಗೆ ಗೊಬ್ಬರ ಕೊಟ್ಟರೆ ಅವನು ಅದನ್ನು ಎಲ್ಲಿಗೆ ಹಾಕಬೇಕು?

ಹಳ್ಳಿ ಮೇಷ್ಟ್ರುಗಳಿಗೆ ಒಂದು ಮಾತು. 2023ರ ಡಿಸೆಂಬರಿನಲ್ಲಿ ಮಾಲೂರು ತಾಲ್ಲೂಕಿನ ವಸತಿ ಶಾಲೆಯೊಂದರಲ್ಲಿ ದಲಿತ ಮಕ್ಕಳನ್ನು ಕಕ್ಕಸು ಗುಂಡಿಗೆ ಇಳಿಸಿದ್ದು ಬಯಲಾಯಿತು. ನಾಳೆ ನಿಮ್ಮ ಶಾಲೆಗೂ ಉಚ್ಚೆ ಗೊಬ್ಬರದ ಡ್ರಮ್ಮು ಬರಬಹುದು. ಬರಲಿ, ಮಕ್ಕಳಿಗೆ ರಸಾಯನಶಾಸ್ತ್ರ ಕಲಿಸಿ. ಆದರೆ ಡ್ರಮ್ಮು ಎತ್ತಲು ಹಾಜರಿ ಪುಸ್ತಕದಿಂದ ಯಾವ ಹೆಸರು ಕೂಗುತ್ತೀರಿ ಅನ್ನುವುದನ್ನು ನಾವು ಕೇಳಿಸಿಕೊಳ್ಳುತ್ತಿರುತ್ತೇವೆ.