ಕಾದಂಬರಿಕಾರನ ಕಣ್ಣು ನಮಗಿಲ್ಲ

ವಾಕ್ಯಭಾಗ: 2 ಅರಸುಗಳು 6:8–23, ಎಫೆಸದವರಿಗೆ 6:10–18

 

ಇವತ್ತು ಒಂದು ಕಥೆಪುಸ್ತಕದ ವಿಷಯ ಮಾತಾಡಬೇಕು ಅಂತ ಇದ್ದೀನಿ. ಆಶ್ಚರ್ಯಪಡಬೇಡಿ. ಯೌವನಸ್ಥರ ಕೂಟದಲ್ಲಿ ಎರಡು ವಾರದಿಂದ ಇದೇ ಚರ್ಚೆ. ಒಬ್ಬರು ಹೇಳ್ತಾರೆ, "ಪಾಸ್ಟರ್, ಇದನ್ನ ಓದಿದ ಮೇಲೆ ನನ್ನ ಪ್ರಾರ್ಥನಾ ಜೀವಿತವೇ ಬದಲಾಯ್ತು." ಇನ್ನೊಬ್ಬರು, "ನನಗೆ ರಾತ್ರಿ ಲೈಟ್ ಆರಿಸೋಕೆ ಭಯ." ಮೂರನೆಯವರು, "ಕಥೆ ಓದಿ ಉಪದೇಶ ಕಲಿಯೋದಾ? ಎಸೀರಿ ಅದನ್ನ." ಮೂವರೂ ಹೊಸದಾಗಿ ಹುಟ್ಟಿದ ವಿಶ್ವಾಸಿಗಳೇ. ಹಾಗಾದರೆ ಇಂಥ ಪುಸ್ತಕ ಓದಬಹುದಾ, ಓದಬಾರದಾ?

ಗೊತ್ತಿಲ್ಲದವರಿಗೆ ಸ್ವಲ್ಪ ಹೇಳ್ತೀನಿ. ಪುಸ್ತಕದ ಹೆಸರು ‘ದಿಸ್ ಪ್ರೆಸೆಂಟ್ ಡಾರ್ಕ್‌ನೆಸ್’. ಬರೆದವರು ಫ್ರಾಂಕ್ ಪೆರೆಟ್ಟಿ. 1986ರಲ್ಲಿ ಅಮೆರಿಕದಲ್ಲಿ ಪ್ರಕಟವಾಯಿತು. ಆ ಹೆಸರು ಬಂದಿರೋದು ಎಫೆಸ 6:12ರಿಂದಲೇ. ಆಶ್ಟನ್ ಅನ್ನೋದು ಕಥೆಗಾರ ಕಟ್ಟಿದ ಒಂದು ಸಣ್ಣ ಊರು. ಅಲ್ಲೊಂದು ಕಾಲೇಜು, ಒಂದು ಪತ್ರಿಕೆ, ಒಂದು ಚಿಕ್ಕ ಸಭೆ. ಸಭೆಯ ಪಾಸ್ಟರ್ ಹ್ಯಾಂಕ್, ಪತ್ರಿಕೆಯ ಸಂಪಾದಕ ಮಾರ್ಷಲ್ ಹೋಗನ್. ಯಾರೋ ಗುಟ್ಟಾಗಿ ಇಡೀ ಊರನ್ನು, ಕಾಲೇಜನ್ನು ತಮ್ಮ ಕೈಗೆ ತಗೊಳ್ತಾ ಇದ್ದಾರೆ. ಬೀದಿಯಲ್ಲಿ ನಡೆಯೋದು ಇಷ್ಟು. ಆದರೆ ಲೇಖಕರು ನಮ್ಮನ್ನ ಛಾವಣಿಯ ಮೇಲಕ್ಕೂ ಕರ್ಕೊಂಡು ಹೋಗ್ತಾರೆ. ಅಲ್ಲಿ ದೇವದೂತರೂ ದೆವ್ವಗಳೂ ಕತ್ತಿ ಹಿಡಿದು ಹೋರಾಡ್ತಿದ್ದಾರೆ. ದೂತರ ಸೇನಾಪತಿ ಟಾಲ್, ಆ ಕಡೆಯ ನಾಯಕ ರಾಫಾರ್. ಕೆಳಗೆ ಜನ ಪ್ರಾರ್ಥಿಸಿದರೆ ಮೇಲೆ ದೂತರಿಗೆ ಬಲ. ಪ್ರಾರ್ಥನೆ ನಿಂತರೆ ಅವರ ಕೈ ಜೋಲುತ್ತೆ.

ಮೊದಮೊದಲು ಪುಸ್ತಕ ಅಷ್ಟು ಓಡಲಿಲ್ಲ. ಆಮೇಲೆ ಬಾಯಿಂದ ಬಾಯಿಗೆ ಸುದ್ದಿ ಹರಡಿತು. ಗಾಯಕಿ ಏಮಿ ಗ್ರಾಂಟ್ ಕೂಡ ಇದನ್ನು ಓದಿ ಅಂತ ಜನರಿಗೆ ಹೇಳಿದರು. ಕೊನೆಗೆ ಲಕ್ಷಗಟ್ಟಲೆ ಪ್ರತಿಗಳು ಹೋದವು. 1989ರಲ್ಲಿ ಎರಡನೆಯದು ಬಂತು, ‘ಪಿಯರ್ಸಿಂಗ್ ದ ಡಾರ್ಕ್‌ನೆಸ್’. ಪೆರೆಟ್ಟಿ ಏನೂ ದೂರದವರಲ್ಲ, ನಮ್ಮ ಹಾಗೆ ಪೆಂತೆಕೊಸ್ತಿನವರೇ. ಅಸೆಂಬ್ಲೀಸ್ ಆಫ್ ಗಾಡ್‌ನ ಒಂದು ಸಣ್ಣ ಸಭೆಯಲ್ಲಿ ತಂದೆಗೆ ಸಹಾಯಕ ಪಾಸ್ಟರ್ ಆಗಿದ್ದರು. ಹೊಟ್ಟೆಪಾಡಿಗೆ ಕಾರ್ಖಾನೆಯಲ್ಲೂ ದುಡಿದರು.

ಈಗ ನನ್ನ ಮಾತು. ಈ ಪುಸ್ತಕ ಓದೋದು ಪಾಪ ಅಂತ ನಾನು ಹೇಳಲ್ಲ. ಅದರಲ್ಲಿ ಒಳ್ಳೇದು ಇದೆ. ಆ ಊರಲ್ಲಿ ದೇವರ ಕೆಲಸಕ್ಕೆ ಆಧಾರವಾಗಿ ನಿಲ್ಲೋದು ದೊಡ್ಡ ಬೋಧಕರಲ್ಲ. ಕೈಬೆರಳೆಣಿಕೆಯ ಜನ, ಅದರಲ್ಲೂ ವಯಸ್ಸಾದ ಒಬ್ಬ ತಾಯಿ, ಮೊಣಕಾಲೂರಿ ಪ್ರಾರ್ಥಿಸುವವರು. ನಮ್ಮ ಶುಕ್ರವಾರದ ಉಪವಾಸ ಪ್ರಾರ್ಥನೆಗೆ ಮಂಡಿನೋವು ಇಟ್ಕೊಂಡು ಬರೋ ಅಜ್ಜಿಯರನ್ನ ಲೋಕ ಲೆಕ್ಕಕ್ಕೇ ತಗೊಳ್ಳಲ್ಲ. ಒಬ್ಬ ಕಥೆಗಾರ ತಗೊಂಡರು. ದೇವರಿಗೆ ಸ್ತೋತ್ರ.

ಒಂದು ಆಕ್ಷೇಪ ನಿಜ. ಪ್ರಾರ್ಥನೆ ಅಂದರೆ ಪೆಟ್ರೋಲ್, ನಾವು ತುಂಬಿಸಿದಷ್ಟೇ ದೂತರ ಗಾಡಿ ಓಡುತ್ತೆ ಅನ್ನೋ ಭಾವನೆ ಓದುಗರಿಗೆ ಬರಬಹುದು. ದಾನಿಯೇಲ 10 ತೆಗೆದು ನೋಡಿ. ಪಾರಸಿಯ ರಾಜ್ಯದ ಆತ್ಮಶಕ್ತಿ ದೂತನನ್ನು 21 ದಿನ ತಡೆಯಿತು. ಮೀಕಾಯೇಲನು ಬಂದು ಸಹಾಯ ಮಾಡಿದನು. ಹೋರಾಟ ಇದೆ, ನಾವು ನಂಬ್ತೀವಿ. ಆದರೆ ದಾನಿಯೇಲನ ಮಾತನ್ನು ದೇವರು ಮೊದಲ ದಿನವೇ ಕೇಳಿದ್ದನು. ಆ 21 ದಿನ ಮೇಲೆ ಏನು ನಡೀತಿದೆ ಅನ್ನೋದು ದಾನಿಯೇಲನಿಗೆ ಗೊತ್ತೇ ಇರಲಿಲ್ಲ. ಅವನು ಪ್ರಾರ್ಥಿಸಿದ, ಅಷ್ಟೇ. ಸುದ್ದಿ ಆಮೇಲೆ ಬಂತು.

ಈ "ಗೊತ್ತಿರಲಿಲ್ಲ" ಅನ್ನೋದನ್ನ ಹಿಡ್ಕೊಳ್ಳಿ. ಇವತ್ತಿನ ಸಂದೇಶ ಇದರ ಮೇಲೆಯೇ.

ಕಾದಂಬರಿ ಓದುವಾಗ ನಮಗೆ ಎಲ್ಲಾ ಗೊತ್ತಿರುತ್ತೆ. ಲೇಖಕರು ತೆರೆ ಸರಿಸಿ ತೋರಿಸ್ತಾರೆ. ಈ ಪ್ರೊಫೆಸರಮ್ಮನ ಹಿಂದೆ ಯಾವ ದೆವ್ವ ನಿಂತಿದೆ, ಆ ಅಧಿಕಾರಿಯ ಭುಜದ ಮೇಲೆ ಯಾವುದು ಕೂತಿದೆ, ಎಲ್ಲಾ ಕಾಣುತ್ತೆ. ಅನುಮಾನಕ್ಕೆ ಜಾಗವೇ ಇಲ್ಲ, ಯಾಕಂದರೆ ಆ ಊರನ್ನು ಸೃಷ್ಟಿ ಮಾಡಿದವರೇ ಹೇಳ್ತಿದ್ದಾರೆ. ಪುಸ್ತಕ ಮುಚ್ಚಿದ ಮೇಲೆ ಆ ಕಣ್ಣನ್ನೂ ಅಲ್ಲೇ ಬಿಟ್ಟು ಬರಬೇಕು. ಕೆಲವರು ಬಿಟ್ಟು ಬರಲ್ಲ. ಅದೇ ಕಣ್ಣಲ್ಲಿ ಟೀಮ್ ಲೀಡರನ್ನ ನೋಡ್ತಾರೆ, ಅತ್ತೆಯನ್ನ ನೋಡ್ತಾರೆ, ಬಾಗಿಲಿಗೆ ರಂಗೋಲಿ ಹಾಕೋ ಪಕ್ಕದ ಮನೆ ಆಂಟಿಯನ್ನ ನೋಡ್ತಾರೆ. "ಅವರಲ್ಲಿ ಒಂದು ಆತ್ಮ ಇದೆ ಪಾಸ್ಟರ್." ನಿಮಗೆ ಹೇಗೆ ಗೊತ್ತಾಯ್ತು? "ಸುಮ್ನೆ ಗೊತ್ತಾಗುತ್ತೆ."

ಪೌಲನು ಎಫೆಸ 6ರಲ್ಲಿ ಏನು ಹೇಳಿದನು? ನಮ್ಮ ಹೋರಾಟ ಮನುಷ್ಯರ ಮೇಲೆ ಅಲ್ಲ ಅಂದನು. ಅಂದರೆ ಎದುರಿಗೆ ನಿಂತಿರೋ ಮನುಷ್ಯ ನನ್ನ ವೈರಿಯಲ್ಲ. ನಾವು ಆ ವಚನವನ್ನೇ ತಿರುಗಿಸಿಬಿಡ್ತೀವಿ. ವೈರಿ ದೆವ್ವ, ದೆವ್ವ ಅವಳಲ್ಲಿದೆ, ಆದ್ದರಿಂದ ಅವಳೇ ವೈರಿ! ಮನುಷ್ಯರನ್ನ ಬಿಟ್ಟುಕೊಡೋಕೆ ಕೊಟ್ಟ ವಚನವನ್ನ ಮನುಷ್ಯರನ್ನ ಹಿಡಿಯೋಕೆ ಉಪಯೋಗಿಸ್ತೀವಿ.

ಇದರಿಂದ ಏನಾಗುತ್ತೆ ಅಂತ ಅಮೆರಿಕದವರೇ ನೋಡಿದ್ದಾರೆ. ಕ್ಯಾಲಿಫೋರ್ನಿಯಾದ ಮ್ಯಾನ್‌ಹ್ಯಾಟನ್ ಬೀಚ್ ಊರಲ್ಲಿ ಮೆಕ್‌ಮಾರ್ಟಿನ್ ಅನ್ನೋ ಶಿಶುವಿಹಾರ ಇತ್ತು. 1983ರಲ್ಲಿ ಅಲ್ಲಿ ಒಂದು ದೂರು ಶುರುವಾಯಿತು. ಆಮೇಲೆ ಬೆಳೆಯುತ್ತಾ ಹೋಯಿತು: ಶಿಕ್ಷಕರು ಮಕ್ಕಳಿಗೆ ಕೆಟ್ಟದ್ದು ಮಾಡ್ತಾರೆ, ಸೈತಾನನ ಪೂಜೆ ಮಾಡ್ತಾರೆ, ನೆಲದಡಿ ಸುರಂಗ ಇದೆ. ವರ್ಷಗಟ್ಟಲೆ ಕೋರ್ಟು. 1990ರಲ್ಲಿ ಮುಗಿಯುವಾಗ ಒಬ್ಬರ ಮೇಲೂ ಅಪರಾಧ ಸಾಬೀತಾಗಿರಲಿಲ್ಲ. ಅಷ್ಟರಲ್ಲಿ ಒಬ್ಬ ಶಿಕ್ಷಕ 5 ವರ್ಷ ಜೈಲಲ್ಲಿ ಕಳೆದಿದ್ದ. ಇದಕ್ಕೆ ಪೆರೆಟ್ಟಿ ಕಾರಣ ಅಂತ ನಾನು ಹೇಳ್ತಿಲ್ಲ, ಅವರ ಪುಸ್ತಕ ಬಂದಿದ್ದೇ ಆಮೇಲೆ. ಆ ದಿನಗಳ ಗಾಳಿ ಹಾಗಿತ್ತು ಅಂತ ಹೇಳ್ತಿದ್ದೀನಿ. ಅವರ ಎರಡನೇ ಕಾದಂಬರಿಯಲ್ಲಿ ಟಾಮ್ ಹ್ಯಾರಿಸ್ ಅನ್ನೋ ಕ್ರೈಸ್ತ ಶಿಕ್ಷಕನ ಮೇಲೆ ಸುಳ್ಳು ಆರೋಪ ಬರುತ್ತೆ, ಅವನ ಮಕ್ಕಳನ್ನೇ ಅವನಿಂದ ಕಿತ್ಕೊಳ್ತಾರೆ. ಓದಿದವರ ಹೊಟ್ಟೆ ಉರಿಯುತ್ತೆ. ಉರಿಯಬೇಕು! ಆದರೆ ನಮ್ಮವನ ಮೇಲೆ ಸುಳ್ಳು ಬಂದಾಗ ಅಳೋ ಕಣ್ಣು, ಬೇರೆಯವನ ಮೇಲೆ ಸುಳ್ಳು ಬಂದಾಗಲೂ ಅಳಬೇಕಲ್ವಾ?

ತೆರೆ ಸರಿಸಿ ತೋರಿಸೋ ಪುಸ್ತಕ ಸತ್ಯವೇದದಲ್ಲೂ ಒಂದಿದೆ. ಯೋಬನ ಪುಸ್ತಕ. ಮೊದಲ ಎರಡು ಅಧ್ಯಾಯದಲ್ಲಿ ಪರಲೋಕದಲ್ಲಿ ಏನು ನಡೀತು ಅಂತ ಓದುವವರಿಗೆ ಗೊತ್ತಾಗುತ್ತೆ. ಯೋಬನಿಗೆ ಗೊತ್ತಿಲ್ಲ. ಅವನ ಸ್ನೇಹಿತರಿಗೂ ಗೊತ್ತಿಲ್ಲ. ಆ ಸ್ನೇಹಿತರು ಏಳು ದಿನ ಬಾಯಿ ಮುಚ್ಚಿ ಅವನ ಜೊತೆ ನೆಲದ ಮೇಲೆ ಕೂತರು. ಅಲ್ಲಿಯ ತನಕ ಚೆನ್ನಾಗಿತ್ತು. ಆಮೇಲೆ ತೆರೆಯ ಹಿಂದೆ ಕಂಡವರ ಹಾಗೆ ಮಾತಾಡೋಕೆ ಶುರುಮಾಡಿದರು: "ನಿನ್ನಲ್ಲಿ ಏನೋ ಇದೆ ಯೋಬ." ಪುಸ್ತಕದ ಕೊನೆಯಲ್ಲಿ ದೇವರ ಕೋಪ ಯಾರ ಮೇಲೆ ಬಂತು? ಬೂದಿಯಲ್ಲಿ ಕೂತು ಕೂಗಾಡಿದವನ ಮೇಲೆ ಅಲ್ಲ, ದೇವರ ಪರವಾಗಿ ಮಾತಾಡ್ತೀವಿ ಅಂದವರ ಮೇಲೆ. ಆ ಯೋಬನೇ ಅವರಿಗೋಸ್ಕರ ಪ್ರಾರ್ಥಿಸಬೇಕಾಯಿತು.

ನಾನು ಬೈಬಲ್ ಕಾಲೇಜಿನಲ್ಲಿದ್ದಾಗ ಹಾಸ್ಟೆಲಲ್ಲಿ ಒಬ್ಬ ಸಹೋದರನಿಗೆ ಮೂರ್ಛೆ ರೋಗ ಇತ್ತು. ಒಳ್ಳೇ ಹಾಡುಗಾರ. ಕೆಲವರು ಅದು ದುರಾತ್ಮ ಅಂತ ತೀರ್ಮಾನಿಸಿದರು. ರಾತ್ರಿ ಅವನ ಮಂಚದ ಸುತ್ತ ನಿಂತು ಗದರಿಸ್ತಿದ್ದರು. ಅವನಿಗೆ ನೋವಾಗಿದ್ದು ಗದರಿಸಿದ್ದಕ್ಕಲ್ಲ. ಮಾತ್ರೆ ತಗೊಂಡರೆ "ನಂಬಿಕೆ ಇಲ್ಲ" ಅಂತಾರೆ ಅಂತ ಅವನು ಬಾತ್‌ರೂಮಿಗೆ ಹೋಗಿ, ಬಾಗಿಲು ಹಾಕ್ಕೊಂಡು, ನಲ್ಲಿ ನೀರಲ್ಲಿ ನುಂಗ್ತಿದ್ದ. ದೇವರ ಸೇವೆಗೆ ತರಬೇತಿ ಕೊಡೋ ಮನೆಯಲ್ಲಿ ಒಬ್ಬ ರೋಗಿ ಔಷಧಿಯನ್ನ ಕಳ್ಳಮಾಲಿನ ಹಾಗೆ ಬಚ್ಚಿಡಬೇಕಾಯಿತು. ಎರಡನೇ ವರ್ಷಕ್ಕೆ ಅವನು ವಾಪಸ್ ಬರಲಿಲ್ಲ.

ಮತ್ತಾಯ 4:24 ನೋಡಿ. ಯೇಸುವಿನ ಬಳಿಗೆ ಕರ್ಕೊಂಡು ಬಂದವರಲ್ಲಿ ದೆವ್ವ ಹಿಡಿದವರು ಬೇರೆ, ಮೂರ್ಛಾರೋಗಿಗಳು ಬೇರೆ. ಬೇರೆ ಬೇರೆಯಾಗಿ ಬರೆದಿದೆ. ಮತ್ತಾಯ 17ರಲ್ಲಿ ಒಬ್ಬ ಹುಡುಗನ ಮೂರ್ಛೆಯ ಹಿಂದೆ ದೆವ್ವ ಇತ್ತು, ಹೌದು, ಅದನ್ನೂ ಮುಚ್ಚಿಡಲ್ಲ. ಯಾವುದು ಯಾವುದು ಅಂತ ಯೇಸುವಿಗೆ ಕಂಡಿತು. ನನಗೂ ನಿಮಗೂ ಕಾಣುತ್ತೆ ಅನ್ನೋದಕ್ಕೆ ಧೈರ್ಯ ಬೇಕು.

"ಪಾಸ್ಟರ್, ಆತ್ಮಗಳನ್ನು ವಿವೇಚಿಸುವ ವರ ಇದೆಯಲ್ಲ, 1 ಕೊರಿಂಥ 12ರಲ್ಲಿ?" ಇದೆ. ನಾವು ಪೆಂತೆಕೊಸ್ತಿನವರು, ವರಗಳು ನಿಂತುಹೋದವು ಅಂತ ನಾವು ಹೇಳುವವರಲ್ಲ. ಆದರೆ ವರವನ್ನ ಫಲದಿಂದ ಪರೀಕ್ಷೆ ಮಾಡಿ. ಮಾರ್ಕ 5ರಲ್ಲಿ ಸಮಾಧಿಗಳ ನಡುವೆ ಇದ್ದವನನ್ನ ಊರಿನವರು ಸರಪಳಿಯಿಂದ ಕಟ್ಟಿದ್ದರು. ಯೇಸು ಅವನನ್ನ ಬಿಡಿಸಿ, ನಿನ್ನ ಮನೆಯವರ ಬಳಿಗೆ ಹೋಗು ಅಂತ ಕಳಿಸಿದನು. ನಿಮ್ಮ ವಿವೇಚನೆ ಆ ವ್ಯಕ್ತಿಯನ್ನ ಮನೆಗೆ ಸೇರಿಸ್ತಾ, ಮನೆಯಿಂದ ಹೊರಗೆ ಹಾಕ್ತಾ? ಅಷ್ಟು ನೋಡಿದರೆ ಸಾಕು.

ಪೆರೆಟ್ಟಿಯವರ ಜೀವಿತದ ಒಂದು ವಿಷಯ ಹೇಳ್ತೀನಿ. 2000ದಲ್ಲಿ ‘ದ ವೂಂಡೆಡ್ ಸ್ಪಿರಿಟ್’ ಅನ್ನೋ ಪುಸ್ತಕದಲ್ಲಿ ಅವರೇ ಬರೆದಿದ್ದಾರೆ. ಕೂಸಾಗಿದ್ದಾಗ ಅವರ ಕುತ್ತಿಗೆಯಲ್ಲಿ ಗಡ್ಡೆ, ಅದರಿಂದ ನಾಲಿಗೆಗೂ ತೊಂದರೆ, ಎಷ್ಟೋ ಆಪರೇಷನ್. ಶಾಲೆಯಲ್ಲಿ ಮಕ್ಕಳು ಆಡಿಕೊಂಡರು, ಹಿಂಸೆ ಕೊಟ್ಟರು. ಮುಖ ನೋಡಿ ತೀರ್ಪು ಹೇಳುವವರ ಕೈಗೆ ಸಿಕ್ಕರೆ ಹೇಗಿರುತ್ತೆ ಅಂತ ಆ ಮನುಷ್ಯನಿಗೆ ಚೆನ್ನಾಗಿ ಗೊತ್ತು. ಅವರ ಎರಡನೇ ಕಾದಂಬರಿಯಲ್ಲಿ ಸ್ಯಾಲಿ ರೋ ಅನ್ನೋ ಹೆಂಗಸು ವರ್ಷಗಟ್ಟಲೆ ಮಾಂತ್ರಿಕದ ದಾರಿಯಲ್ಲಿ ಅಲೆದವಳು. ನಮ್ಮಲ್ಲಿ ಕೆಲವರು ಅವಳನ್ನ ಮೊದಲನೇ ಪುಟದಲ್ಲೇ ಮುಗಿಸಿಬಿಡ್ತಿದ್ದರು. ಲೇಖಕರು ಕೊನೆಯ ತನಕ ಅವಳ ಬೆನ್ನು ಬಿಡಲ್ಲ, ಕರ್ತನೂ ಬಿಡಲ್ಲ. ಕತ್ತಿ ಯುದ್ಧ ನೆನಪಿಟ್ಕೊಂಡು ಸ್ಯಾಲಿಯನ್ನ ಮರೆತರೆ ಪುಸ್ತಕವನ್ನ ಅರ್ಧ ಓದಿದ ಹಾಗೆ.

ಕೊನೆಗೆ ನಮ್ಮ ವಾಕ್ಯಭಾಗ. ದೋತಾನಿನಲ್ಲಿ ಎಲೀಷನನ್ನು ಹಿಡಿಯೋಕೆ ಅರಾಮ್ಯರ ಸೈನ್ಯ ರಾತ್ರಿ ಬಂದು ಊರು ಸುತ್ತುವರಿದಿತ್ತು. ಬೆಳಿಗ್ಗೆ ಎದ್ದ ಸೇವಕ ನೋಡಿ ನಡುಗಿಹೋದ. ಎಲೀಷನು ಪ್ರಾರ್ಥಿಸಿದನು, ಹುಡುಗನ ಕಣ್ಣು ತೆರೆಯಿತು. ಈಗ ಹೇಳಿ, ಅವನಿಗೆ ಏನು ಕಾಣಿಸಿತು? ಅರಾಮ್ಯರ ಒಬ್ಬೊಬ್ಬನ ತಲೆಯ ಮೇಲೂ ಒಂದೊಂದು ದೆವ್ವವಾ? ಇಲ್ಲ. ಬೆಟ್ಟದ ತುಂಬಾ ದೇವರ ಅಗ್ನಿರಥಗಳು ಕಾಣಿಸಿದವು. ಆತ್ಮಿಕ ಕಣ್ಣು ತೆರೆದಾಗ ಮೊದಲು ಕಾಣೋದು ಪಕ್ಕದವನ ದೆವ್ವ ಅಲ್ಲ, ದೇವರ ಕಾವಲು. ಅದಕ್ಕೇ, ರಾತ್ರಿ ಲೈಟ್ ಆರಿಸೋಕೆ ಭಯ ಅಂದ ತಂಗಿಗೆ ಹೇಳ್ತೀನಿ: ಆರಿಸಮ್ಮಾ, ನೆಮ್ಮದಿಯಾಗಿ ಮಲಗು.

ಮುಂದೆ ಓದಿ. ಎಲೀಷನು ಆ ಶತ್ರುಗಳನ್ನ ಸಮಾರ್ಯದ ನಡುವೆ ತಂದು ನಿಲ್ಲಿಸಿದನು. ಇಸ್ರಾಯೇಲಿನ ಅರಸನಿಗೆ ಕೈ ಕಡೀತಿದೆ: ಹೊಡೆಯಲಾ, ಹೊಡೆಯಲಾ? ಬೇಡ ಅಂದನು ಎಲೀಷನು. ಅನ್ನ ನೀರು ಕೊಟ್ಟು ಕಳಿಸು ಅಂದನು. ದೊಡ್ಡ ಔತಣವೇ ಆಯಿತು. ಅಗ್ನಿರಥಗಳನ್ನ ನಿಜವಾಗಿ ಕಂಡ ಮನುಷ್ಯ ಶತ್ರುಗಳಿಗೆ ಊಟಕ್ಕೆ ಹಾಕಿದ! ಕಾಣದ ನಾವು ಅತ್ತೆಯ ಕೈಯ ಕಾಫಿ ಕುಡಿಯೋಕೆ ಯೋಚನೆ ಮಾಡ್ತೀವಿ.

ಪುಸ್ತಕ ಓದಿ. ಓದಿ ಪ್ರಾರ್ಥನೆ ಹೆಚ್ಚಾದರೆ ಸ್ತೋತ್ರ. ಭಯ ಹೆಚ್ಚಾದರೆ ಪಕ್ಕಕ್ಕಿಟ್ಟು ಕೀರ್ತನೆಗಳನ್ನ ತೆಗೀರಿ. ಅನುಮಾನ ಹೆಚ್ಚಾದರೆ ಮಾತ್ರ ನಿಲ್ಲಿಸಿ, ಯಾರ ಮೇಲೆ ಅನುಮಾನವೋ ಅವರ ಮನೆಗೆ ಈ ವಾರ ಒಂದು ಡಬ್ಬಿ ಊಟ ತಗೊಂಡು ಹೋಗಿ. ಯಾರಾದರೂ ಕಾಯಿಲೆ ಅಂದರೆ ಕೈ ಇಟ್ಟು ಪ್ರಾರ್ಥಿಸಿ, ಮಾತ್ರೆಯ ಸಮಯವನ್ನೂ ನೆನಪಿಸಿ. ಈ ಸಭೆಯಲ್ಲಿ ಯಾರೂ ಬಾಗಿಲು ಹಾಕ್ಕೊಂಡು ಮಾತ್ರೆ ನುಂಗಬಾರದು.

ಎದ್ದು ನಿಲ್ಲೋಣ. ಕರ್ತನೇ, ನಮಗೆ ಕಾಣದ್ದನ್ನು ಕಂಡೆವು ಅಂತ ಹೇಳದ ಹಾಗೆ ನಮ್ಮ ನಾಲಿಗೆಯನ್ನು ಕಾಯಿ. ನಿನ್ನ ಬೆಟ್ಟದ ತುಂಬಾ ಇರುವ ಕಾವಲನ್ನು ನಂಬುವಂತೆ ನಮ್ಮ ಕಣ್ಣು ತೆರೆ. ನಮ್ಮ ಮಾತಿನಿಂದ ನಿನ್ನ ಮನೆ ಬಿಟ್ಟುಹೋದವರನ್ನು ತಿರುಗಿ ಕರೆತಾ. ಯೇಸುವಿನ ನಾಮದಲ್ಲಿ ಬೇಡುತ್ತೇವೆ ತಂದೆಯೇ, ಆಮೆನ್.